ಮಾತು ಬರುವ ತನಕ

ಐಲಾ ನಿಯೆಮಿಗೆ ಬೀಳುತ್ತಿದ್ದ ಕನಸುಗಳಲ್ಲಿ ಮನುಷ್ಯರು ಕಡಿಮೆ, ಪರದೆಗಳು ಹೆಚ್ಚು. ಫೆಬ್ರವರಿಯ ಸುಪೀರಿಯರ್ ಸರೋವರದ ಹಾಗೆ ಹೆಪ್ಪುಗಟ್ಟಿ ಬೆಳ್ಳಗಾದ, ಕಣ್ಣು ಹಾಯುವಷ್ಟು ದೂರವೂ ಏನೂ ಇಲ್ಲದ ಪರದೆ. ಅದರ ಮೇಲೆ ಅವಳು ಬರಿಗಾಲಲ್ಲಿ ನಡೆಯುತ್ತಾ ಇಲ್ಲೊಂದು ಬಟನ್, ಅಲ್ಲೊಂದು ಪದ ಇಡುತ್ತಾ ಹೋಗುತ್ತಿದ್ದಳು. ಹೆಚ್ಚಾಯಿತೆನಿಸಿದರೆ ಬಗ್ಗಿ ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಎಚ್ಚರವಾದ ಮೇಲೂ ಸ್ವಲ್ಪ ಹೊತ್ತು ಜೇಬು ಭಾರವಾಗಿಯೇ ಇದ್ದಂತೆ ಅನಿಸುತ್ತಿತ್ತು. ಶನಿವಾರ ಸೌನಾ ಎಂಬ ಹಬೆಸ್ನಾನದ ಕೋಣೆಯಲ್ಲಿ, ಕಾದ ಕಲ್ಲುಗಳ ಮೇಲೆ ನೀರು ಚೆಲ್ಲಿ ಹಬೆ ಎಬ್ಬಿಸುತ್ತಾ, ಅಕ್ಕ ಇರ್ಯಾಗೆ ಇದನ್ನು ಒಮ್ಮೆ ಹೇಳಿದ್ದಳು.

"ಅದು ಕನಸಲ್ಲ ಕಣೇ, ಓವರ್‌ಟೈಮು," ಎಂದಿದ್ದಳು ಇರ್ಯಾ.

ಆ ಸರೋವರದ ದಡದ ದುಲೂತ್ ಊರಿನ ಪಶ್ಚಿಮದ ಬೀದಿಗಳಲ್ಲಿ ಅವರ ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ಐಲಾ ಹತ್ತು ವರ್ಷದವಳಿದ್ದಾಗಲೇ ಅಕ್ಷರಗಳ ಹೊಟ್ಟೆಗೆ ಬಣ್ಣ ತುಂಬುವ ಕೆಲಸ ಅವಳ ಪಾಲಿಗೆ ಬಂದಿತ್ತು. ಮುಂದೆ ಪತ್ರಿಕೆಯೊಂದರಲ್ಲಿ ಜಾಹೀರಾತು ಜೋಡಿಸಿದಳು. ಪತ್ರಿಕೆ ತೆಳ್ಳಗಾದಾಗ ವೆಬ್‌ಸೈಟುಗಳಿಗೆ ಪುಟ ಬರೆದಳು. ಅದೂ ಹಳತಾದಾಗ ಫೋನಿನ ಸಣ್ಣ ಕಿಟಕಿಗೆ ಕೈಯನ್ನು ಒಗ್ಗಿಸಿಕೊಂಡಳು. ಮೂವತ್ತೈದು ವರ್ಷದಲ್ಲಿ ಕೆಲಸದ ಹೆಸರು ಐದು ಸಲ ಬದಲಾಯಿತು. ಅವಳು ಮಾಡುತ್ತಿದ್ದುದು ಮಾತ್ರ ಒಂದೇ: ಏನನ್ನು ಎಲ್ಲಿಟ್ಟರೆ ನೋಡುವವನಿಗೆ ದಾರಿ ತಪ್ಪುವುದಿಲ್ಲ ಎಂದು ಯೋಚಿಸುತ್ತಾ ಕೂರುವುದು.

ಐವತ್ತೆರಡನೆಯ ವಯಸ್ಸಿನಲ್ಲಿ ಅವಳು ಸೇರಿದ ಕಂಪನಿಯಲ್ಲಿ ಇದ್ದವರು ಆರೇ ಜನ. ಹಳೆಯ ಮಿಠಾಯಿ ಕಾರ್ಖಾನೆಯ ಮೂರನೆಯ ಮಹಡಿ. ಬೇಸಿಗೆಯ ಮಧ್ಯಾಹ್ನಗಳಲ್ಲಿ ನೆಲದ ಹಲಗೆಗಳಿಂದ ಈಗಲೂ ಸುಟ್ಟ ಸಕ್ಕರೆಯ ವಾಸನೆ ಏಳುತ್ತಿತ್ತು. ಕಿಟಕಿಯಾಚೆ ಸರೋವರ. ಅದಿರು ಹೊತ್ತ ಹಡಗುಗಳು ಬಂದಾಗ ಎತ್ತುಸೇತುವೆ ಮೇಲೇಳುವುದು, ಹಡಗು ಕೂಗುವುದು, ಸೇತುವೆ ಮರುಕೂಗು ಕೊಡುವುದು. ಮಂಜಿನ ದಿನ ಹಡಗು ಕಾಣದೆ ಕೂಗಷ್ಟೇ ಬರುತ್ತಿತ್ತು. ಕಂಪನಿ ಕಟ್ಟಿದವನು ಟೆರೆನ್ಸ್ ಓಡೆಗಾರ್ಡ್ ಎಂಬ ಮೂವತ್ತನಾಲ್ಕರ ತರುಣ. ಅವನ ಅಜ್ಜಿಗೆ ಪಾರ್ಶ್ವವಾಯು ಬಡಿದು ನಾಲಿಗೆ ಬಿದ್ದುಹೋಗಿತ್ತು. ಅಂಥವರಿಗಾಗಿ ಅವನು ಮಾಡಿಸಿದ್ದು 'ಲೂನ್'. ಆ ಸೀಮೆಯ ಕೆರೆಗಳಲ್ಲಿ ಕೂಗುವ ಹಕ್ಕಿಯ ಹೆಸರು ಅದು. ಟ್ಯಾಬ್ಲೆಟ್ಟಿನ ಮೇಲೆ ಚಿತ್ರಗಳು, ಪದಗಳು. ಮುಟ್ಟಿದರೆ ಅದು ಆ ಪದವನ್ನು ನುಡಿಯುತ್ತದೆ. ಅಷ್ಟೇ.

ಆ 'ಅಷ್ಟೇ' ಎನ್ನುವುದರ ಹಿಂದೆ ಐಲಾಳ ಆರು ವರ್ಷವಿತ್ತು. ಯಾವ ಚಿತ್ರ ಮೊದಲ ಪುಟದಲ್ಲಿರಬೇಕು, ನಡುಗುವ ಎಡಗೈ ಬೆರಳಿಗೆ ಎಷ್ಟು ಜಾಗ ಬೇಕು ಎಂದು ತಿಳಿಯಲು ಅವಳು ಮನೆಮನೆಗೆ ಹೋಗಿ ಕೂರುತ್ತಿದ್ದಳು. ಒಂದು ಪುಟ ಬದಲಾಗಿ ಜನರ ಕೈಗೆ ಸೇರಲು ಮೂರು ವಾರ ಹಿಡಿಯುತ್ತಿತ್ತು.

ಎಐ ಬಂದ ಮೇಲೆ ಮೂರು ವಾರ ಎಂಬುದು ಮೂರು ಗಂಟೆಯಾಯಿತು. ಬೆಳಗ್ಗೆ ಕಾಫಿ ಹಿಡಿದು ಟೆರೆನ್ಸ್ ತನ್ನ ಮನಸ್ಸಿಗೆ ಬಂದದ್ದನ್ನು ಯಂತ್ರಕ್ಕೆ ಹೇಳಿದರೆ, ಊಟದ ಹೊತ್ತಿಗೆ ಅದು ಪರದೆಯ ಮೇಲೆ ಮೈತಳೆದು ನಿಂತಿರುತ್ತಿತ್ತು. ಪ್ರೋಗ್ರಾಂ ಬರೆಯುತ್ತಿದ್ದ ರೆನೀ ದೆಫೊ ಮೊದಲ ವಾರ ಸಂತೋಷಪಟ್ಟಳು, ಎರಡನೆಯ ವಾರ ಸುಮ್ಮನಾದಳು. ಅವಳು ಪಕ್ಕದ ಓಜಿಬ್ವೆ ಮೂಲನಿವಾಸಿಗಳ ಹಳ್ಳಿಯಿಂದ ಬರುತ್ತಿದ್ದ ನಲವತ್ತರ ಹೆಂಗಸು. ಮಾತು ಕಮ್ಮಿ, ಆಡಿದರೆ ಚುರುಕು.

"ಬೀಜ ಹಾಕಿದ ಬೆಳಗ್ಗೇನೇ ಕುಂಬಳಕಾಯಿ ಬಿಡ್ತಾ ಇದೆ," ಎಂದಳು ಒಂದು ದಿನ. "ತಿನ್ನೋರೆಲ್ಲಿ ಅಂತ."

ಆ ಬೇಸಿಗೆ ಲೂನ್‌ಗೆ ನಲವತ್ತು ಹೊಸ ಸವಲತ್ತು ಸೇರಿದವು. ಐಲಾ ಎಲ್ಲಕ್ಕೂ ಜಾಗ ಮಾಡಿಕೊಡುತ್ತಾ ಹೋದಳು. ಅವಳಿಗೆ ಅದೂ ಒಂದು ಬಗೆಯ ಕನಸಿನಂತೆ ಇತ್ತು. ಮನಸ್ಸಿನಲ್ಲಿ ಎಣಿಸಿದ್ದು ಕಣ್ಣೆದುರಿಗೆ ನಿಲ್ಲುವುದು, ನಿಂತದ್ದನ್ನು ಒಪ್ಪಿಕೊಂಡು ಮುಂದಕ್ಕೆ ತೇಲುವುದು. ಎಲ್ಲಿಯೂ ಕಾಲಿಗೆ ನೆಲ ಸಿಗುತ್ತಿರಲಿಲ್ಲ, ಬೇಕೆಂದೂ ಅನಿಸುತ್ತಿರಲಿಲ್ಲ.

ನಲವತ್ತರಲ್ಲಿ ದೊಡ್ಡದು ಆಗಸ್ಟಿನಲ್ಲಿ ಬಂದದ್ದು. ಎರಡು ಚಿತ್ರ ಮುಟ್ಟಿದರೆ ಸಾಕು, ಉಳಿದದ್ದನ್ನು ಲೂನ್ ತಾನೇ ಊಹಿಸಿ ಪೂರ್ತಿ ವಾಕ್ಯ ನುಡಿಯುವುದು. ಬೆರಳು ನಾಲ್ಕು ಸೆಕೆಂಡು ಸುಮ್ಮನಿದ್ದರೆ ತಾನಾಗಿಯೇ ನೆರವಿಗೆ ಬರುವುದು. ಮೊದಲ ಸಲ ತೋರಿಸಿದ ದಿನ ಟೆರೆನ್ಸ್ 'ಅಜ್ಜಿ', 'ತೋಟ' ಎಂಬ ಎರಡು ಚಿತ್ರ ಮುಟ್ಟಿದ. "ನನ್ನ ಮೊಮ್ಮಕ್ಕಳ ಜೊತೆ ತೋಟದಲ್ಲಿ ಕಳೆದ ಸಂಜೆಗಳು ನೆನಪಾಗುತ್ತಿವೆ," ಎಂದಿತು ಲೂನ್, ಜೇನಿನಂಥ ದನಿಯಲ್ಲಿ. ಟೆರೆನ್ಸನ ಕಣ್ಣು ತುಂಬಿತು. ಐಲಾ ಇನ್ನೊಮ್ಮೆ ನುಡಿಸಿ ಎಂದಳು. ದೊಡ್ಡ ಊರಿನ ಚಿಕಿತ್ಸಾ ಕೇಂದ್ರಗಳ ಸಂಸ್ಥೆಯೊಂದು ಅಕ್ಟೋಬರಿನಲ್ಲಿ ಬಂದು ನೋಡುತ್ತೇವೆ ಎಂದು ಬರೆಯಿತು.

ಸೆಪ್ಟೆಂಬರಿನ ಮೊದಲ ವಾರ ಹೊಸ ಲೂನ್ ಹಿಡಿದು ಐಲಾ ಹೋದದ್ದು ಗುಡ್ಡದ ಮೇಲಿನ ರೂಡಿ ಕೊಚೆವಾರ್‌ನ ಮನೆಗೆ.

ರೂಡಿ ಮೂವತ್ತು ವರ್ಷ ಅದಿರು ಹಡಗುಗಳಲ್ಲಿ ಅಡುಗೆಯವನಾಗಿದ್ದ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಪಾರ್ಶ್ವವಾಯುವಾಗಿ ಬಲಗೈ ಸೋತಿತು, ಮಾತು ಹೋಯಿತು. ಹೇಳಿದ್ದೆಲ್ಲ ತಿಳಿಯುತ್ತಿತ್ತು, ಹೇಳಬೇಕಾದ್ದು ಒಳಗೇ ಸಿಕ್ಕಿಕೊಳ್ಳುತ್ತಿತ್ತು. ತಡವಿಲ್ಲದೆ ಬಾಯಿಂದ ಬರುತ್ತಿದ್ದುದು ಒಂದೇ, "ಹಾಳಾಗ್ಹೋಗ್ಲಿ" ಎಂಬುದು. ಅದನ್ನೇ ಅವನು ಬೆಳಗಿನ ಶುಭಾಶಯಕ್ಕೂ, ಹೆಂಡತಿಗೆ ಹೇಳುವ ಕೃತಜ್ಞತೆಗೂ ಬಳಸುತ್ತಿದ್ದ. ಹೆಂಡತಿ ಮಾರ್ಲಿಸ್ ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡು ಕೊಯ್ದಿಟ್ಟು, ಮೂವರಿಗೂ ಕಾಫಿ ಬಗ್ಗಿಸಿದಳು.

ರೂಡಿ ಕಾಫಿ ಗುಟುಕರಿಸಿ ಮುಖ ಕಿವುಚಿದ. ಎಡಗೈಯಿಂದ 'ಕಾಫಿ' ಮುಟ್ಟಿದ. 'ಕೆಟ್ಟದ್ದು' ಮುಟ್ಟಿದ.

"ಈ ಕಾಫಿ ಸ್ವಲ್ಪ ಕಹಿಯಾಗಿದೆ ಎನಿಸುತ್ತದೆ. ನಿನಗೆ ಬಿಡುವಾದಾಗ ಇನ್ನೊಂದು ಲೋಟ ಮಾಡಿಕೊಟ್ಟರೆ ಉಪಕಾರವಾಗುತ್ತದೆ," ಎಂದಿತು ಲೂನ್.

ಮಾರ್ಲಿಸ್ ನಗತೊಡಗಿದಳು. ಮೇಜು ಹಿಡಿದುಕೊಂಡು ನಕ್ಕಳು. ನಗುತ್ತಾ ನಗುತ್ತಾ ಯಾವಾಗಲೋ ಅದು ಅಳುವಾಯಿತು.

"ನಲವತ್ತಾರು ವರ್ಷ ಆಯ್ತು ಕಣ್ರೀ ನಮ್ಮ ಮದುವೆ ಆಗಿ," ಎಂದಳು ಮುಖ ಒರೆಸಿಕೊಳ್ಳುತ್ತಾ. "ಉಪಕಾರ ಅನ್ನೋ ಮಾತು ಈ ಬಾಯಲ್ಲಿ ಒಂದ್ಸಲಾನೂ ಬಂದಿಲ್ಲ. 'ಏನಿದು, ಚರಂಡಿ ನೀರಾ?' ಅನ್ನೋನು. ಈಗ ನನ್ನ ಅಡುಗೆಮನೇಲಿ ಮಾತಾಡ್ತಿರೋರು ಯಾರು?"

ರೂಡಿ ಇನ್ನೂ ಒಮ್ಮೆ ಕೈ ಚಾಚಿದ. 'ಹಡಗು' ಮುಟ್ಟಿದ, 'ಪೈ' ಎಂಬ ಹಣ್ಣು ತುಂಬಿದ ಕಡುಬಿನ ಚಿತ್ರ ಮುಟ್ಟಿದ. ಬೆರಳು ಗಾಳಿಯಲ್ಲಿ ನಿಂತಿತು, ಇನ್ನೇನನ್ನೋ ಹುಡುಕುತ್ತಿತ್ತು. ನಾಲ್ಕು ಸೆಕೆಂಡು ಕಳೆಯಿತು.

"ಹಡಗಿನಲ್ಲಿ ಪೈ ಬೇಯಿಸುವುದೆಂದರೆ ನನಗೆ ಬಹಳ ಇಷ್ಟವಾಗಿತ್ತು," ಎಂದಿತು ಲೂನ್.

ರೂಡಿ ತಲೆ ಅಲ್ಲಾಡಿಸಿದ. ಪರದೆಯಲ್ಲಿ ಏನನ್ನೋ ಹುಡುಕಿದ, ಸಿಗಲಿಲ್ಲ. ಆಮೇಲೆ, ಹೋಗಲಿ, ಹೆಚ್ಚು ಕಡಿಮೆ ಅದೇ ಅಲ್ಲವೇ ಎನ್ನುವವನಂತೆ ಭುಜ ಕುಣಿಸಿ, ಟ್ಯಾಬ್ಲೆಟ್ಟನ್ನು ಮೇಜಿನ ಮೇಲೆ ಬೋರಲು ಹಾಕಿದ.

ಅವನು ಹುಡುಕಿದ್ದು ಏನು ಎಂಬುದು ಐಲಾಳಿಗೆ ಮೆಟ್ಟಿಲಿಳಿಯುವಾಗ ಹೊಳೆಯಿತು. 'ಅಲ್ಲ' ಎಂಬ ಬಟನ್. ಅದು ಮೊದಲ ಪುಟದಲ್ಲೇ ಇತ್ತು, ಎಡಗಡೆ, ಕೆಂಪಗೆ. ಜುಲೈ ತಿಂಗಳಲ್ಲಿ ಹೊಸ ಸವಲತ್ತುಗಳಿಗೆ ಜಾಗ ಸಾಲದೆ ಅದನ್ನು ಎರಡನೆಯ ಪುಟಕ್ಕೆ ತಳ್ಳಿದವಳು ಅವಳೇ. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ, ಯಂತ್ರವೂ ಹೇಳಿರಲಿಲ್ಲ. ಅವಳು ಕಾರಿನಲ್ಲಿ ಕುಳಿತು ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ.

ಮೂರು ದಿನ ಬಿಟ್ಟು ಹಳೆಯ ಲೂನ್ ತುಂಬಿದ ಟ್ಯಾಬ್ಲೆಟ್ಟು ಹಿಡಿದು ಮತ್ತೆ ಗುಡ್ಡ ಹತ್ತಿದಳು. ಆ ದಿನ ಮಂಜು ಸರೋವರದಿಂದೆದ್ದು ಬೀದಿಗಳನ್ನು ಒಂದೊಂದಾಗಿ ನುಂಗುತ್ತಾ ಮೇಲಕ್ಕೆ ಬಂದಿತ್ತು. ಕೊಚೆವಾರ್‌ರ ಅಡುಗೆಮನೆಯ ಕಿಟಕಿಯಲ್ಲಿ ಬಿಳುಪು ಬಿಟ್ಟರೆ ಏನೂ ಇರಲಿಲ್ಲ. ಮನೆ ಎಲ್ಲಿಗೂ ಕಟ್ಟದೆ ತೇಲಿಬಿಟ್ಟಂತಿತ್ತು. ಕೆಳಗೆಲ್ಲೋ ಹಡಗೊಂದು ಕೂಗಿತು.

"ಮೊನ್ನೆ ನೀವು ಹೇಳೋಕೆ ಹೊರಟಿದ್ದು ಅದಲ್ಲ, ಅಲ್ವಾ?" ಎಂದಳು ಐಲಾ. "ನಂಗೆ ಇವತ್ತು ಬೇರೆ ಏನೂ ಕೆಲಸ ಇಲ್ಲ. ಕೂತಿರ್ತೀನಿ."

ರೂಡಿ ಅವಳನ್ನು ಒಮ್ಮೆ ನೋಡಿ ಟ್ಯಾಬ್ಲೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡ. 'ಹಡಗು'. 'ಪೈ'. ಆಮೇಲೆ ಏನೂ ಇಲ್ಲ. ಗೋಡೆ ಗಡಿಯಾರದ ಸದ್ದು, ಒಲೆಯ ಮೇಲೆ ಕಾಡಕ್ಕಿಯ ಸೂಪು ಕುದಿಯುವ ಸದ್ದು. ಐಲಾ ಮಾತು ಕಡಿಮೆಯ ಫಿನ್ನಿಶ್ ಮನೆಯಲ್ಲಿ ಬೆಳೆದವಳು. ಮೌನ ಅವಳಿಗೆ ಹೊಸದಲ್ಲ. ಆದರೂ ಎರಡನೆಯ ನಿಮಿಷಕ್ಕೆ ಅವನ ಬದಲು ತಾನೇ ಹೇಳಿಬಿಡಬೇಕು ಎನಿಸುವಷ್ಟು ನಾಲಿಗೆ ತುರಿಸಿತು. ನಾಲ್ಕನೆಯ ನಿಮಿಷಕ್ಕೆ ಆ ತುರಿಕೆ ಇಳಿಯಿತು. ಆಮೇಲೆ ಹೊತ್ತು ಎಂಬುದು ಕಿಟಕಿಯಾಚೆಯ ಮಂಜಿನ ಹಾಗೆ ಮೊದಲು ಕೊನೆಯಿಲ್ಲದೆ ಸುಮ್ಮನೆ ಹರಡಿಕೊಂಡಿತು. ಮಾರ್ಲಿಸ್ ಕೈ ಕಟ್ಟಿ ಕುಳಿತಿದ್ದಳು.

'ಕಿಟಕಿ', ಎಂದಿತು ಲೂನ್. ತುಸು ತಡೆದು, 'ಮಂಜು'.

ಮುಂದಿನದಕ್ಕೆ ಚಿತ್ರವಿರಲಿಲ್ಲ. ರೂಡಿ ಸಕ್ಕರೆ ಡಬ್ಬಿ ಎಳೆದುಕೊಂಡು ಚಮಚದಿಂದ ಬಡಿದ. ಟಣ್. ಟಣ್. ಟಣ್.

"ಹಡಗಿನ ಗಂಟೆನಾ?" ಎಂದಳು ಮಾರ್ಲಿಸ್. 'ಅಲ್ಲ'. "ನೀನೇ ಬಡೀತಿದ್ಯಾ? ಪಾತ್ರೆ?" ಅವನು ತಲೆದೂಗಿದ. "ಹೂಂ, ಒಂದ್ಸಲ ಹೇಳಿದ್ದೆ ನೀನು. ಮಂಜು ಬಿದ್ದಾಗ ನೀವೆಲ್ಲ ಲಂಗರು ಹಾಕಿ ನಿಂತ್ಕೋತಿದ್ರಿ. ಆಗ ನೀನು ಪೈ ಬೇಯ್ಸಿ ಕಿಟಕೀಲಿ ಇಡ್ತಿದ್ದೆ. ಹಡಗಿನ ಹುಡುಗ್ರಿಗೆ ಎದುರಿಗಿರೋದೂ ಕಾಣ್ತಿರ್ಲಿಲ್ಲ, ಸದ್ದು ಕೇಳ್ಕೊಂಡು ಬರ್ಲಿ ಅಂತ ಬಡೀತಿದ್ದೆ." ಅವನು ಮತ್ತೆ ತಲೆದೂಗಿದ. "ಪಾಪ, ಅವ್ರಿಗೆ ಹೆದರಿಕೆ ಆಗ್ತಿತ್ತಾ?"

ರೂಡಿ ಕೆಂಪು ಬಟನ್ ಮುಟ್ಟಿದ. 'ಅಲ್ಲ'. ಬೆರಳು ಪರದೆಯ ಉದ್ದಕ್ಕೂ ಅಲೆದು ಮೇಲಿನ ಸಾಲಿನಲ್ಲಿ ನಿಂತಿತು. 'ನಾನು'.

ಹನ್ನೊಂದು ನಿಮಿಷವಾಗಿತ್ತು. ಮಾರ್ಲಿಸ್ ಗಂಡನ ಕೈಯ ಮೇಲೆ ಕೈಯಿಟ್ಟಳು. ಅವನು ಅದಿರು ಹಡಗುಗಳ ಅಡುಗೆಮನೆಯಲ್ಲಿ ಮೂವತ್ತು ವರ್ಷ ಹೆದರಿಕೊಂಡು, ಯಾರಾದರೂ ಬಳಿಗೆ ಬರಲಿ ಎಂದು ಪಾತ್ರೆ ಬಡಿಯುತ್ತಾ ಕಳೆದಿದ್ದನೆಂಬುದು ಅವಳಿಗೆ ಆವತ್ತಿನವರೆಗೆ ಗೊತ್ತಿರಲಿಲ್ಲ.

"ಹಾಳಾಗ್ಹೋಗ್ಲಿ," ಎಂದ ರೂಡಿ ಮೆಲ್ಲಗೆ.

ಮರುದಿನ ಕಚೇರಿಯಲ್ಲಿ ಐಲಾ ಇದನ್ನೆಲ್ಲ ಹೇಳಿದಾಗ ಟೆರೆನ್ಸ್ ಕೇಳಿಸಿಕೊಂಡ. ಅವನು ಕೆಟ್ಟವನಲ್ಲ. ಆದರೆ ಅವನ ಕೈಯಲ್ಲಿ ಲೆಕ್ಕವಿತ್ತು.

"ಐಲಾ, ಆಗಸ್ಟಿಂದ ಜನ ದಿನಕ್ಕೆ ಐದು ಪಟ್ಟು ಜಾಸ್ತಿ ಮಾತಾಡ್ತಿದಾರೆ. ನೀವು ಒಂದು ಮನೆ ನೋಡಿ ಬಂದು ನಿಲ್ಸಿ ಅಂತೀರ."

"ಜಾಸ್ತಿ ಮಾತಾಡ್ತಿರೋದು ಲೂನ್ ಕಣಪ್ಪ. ಜನ ಎಷ್ಟು ಸಲ ಮುಟ್ಟಿದಾರೆ, ಅದನ್ನ ತೆಗೆದು ನೋಡು."

ರೆನೀ ಆಗಲೇ ತೆಗೆದಿದ್ದಳು. ಮುಟ್ಟುವುದು ಅರ್ಧಕ್ಕಿಳಿದಿತ್ತು. 'ಅಲ್ಲ' ಎಂಬುದನ್ನಂತೂ ಹೆಚ್ಚುಕಡಿಮೆ ಯಾರೂ ಮುಟ್ಟಿರಲಿಲ್ಲ.

"ಯಾರೂ ಅಲ್ಲ ಅಂತಿಲ್ಲ ಅಂದ್ರೆ ಒಳ್ಳೇದೇ ಅಲ್ವಾ?" ಎಂದ ಟೆರೆನ್ಸ್. "ಊಹೆ ಸರಿಯಾಗಿದೆ ಅಂತ ಅರ್ಥ."

"ನಮ್ಮನೇಲಿ ಮೂರು ದಿನ ಯಾರೂ ಅಲ್ಲ ಅನ್ಲಿಲ್ಲ ಅಂದ್ರೆ ನಾನು ಡಾಕ್ಟರ್‌ಗೆ ಫೋನ್ ಮಾಡ್ತೀನಿ," ಎಂದಳು ರೆನೀ.

"ಅದನ್ನ ಒಳಗಿನ ಪುಟಕ್ಕೆ ತಳ್ಳಿದ್ದು ನಾನೇ," ಎಂದಳು ಐಲಾ. "ತಪ್ಪು ನಂದು. ಇಷ್ಟು ಬೇಗ ಬೇಗ ಆಗ್ತಿದ್ದಾಗ ನಾನು ಹೋಗಿ ನೋಡೋದನ್ನೇ ಬಿಟ್ಟುಬಿಟ್ಟಿದ್ದೆ. ಸರಿಯಾಗಿಲ್ದೇ ಇದ್ರೆ ಅವ್ರು ಬೈತಾರೆ, ತೊಂದ್ರೆ ಇಲ್ಲ. ಹೆಚ್ಚುಕಮ್ಮಿ ಸರಿಯಾಗಿದ್ರೆ ಸುಮ್ಮನಾಗಿಬಿಡ್ತಾರೆ. ರೂಡಿ ಹಂಗೇ ಸುಮ್ಮನಾದ."

ಟೆರೆನ್ಸ್ ಕಿಟಕಿಯ ಕಡೆ ತಿರುಗಿದ. "ಅಕ್ಟೋಬರಿಗೆ ಅವರು ಬರ್ತಾರೆ. ನಿಧಾನ ಆಗೋ ಸಾಫ್ಟ್‌ವೇರ್ ತೋರ್ಸಿ ಏನಂತ ಹೇಳ್ಲಿ?"

"ಗೊತ್ತಿಲ್ಲ," ಎಂದಳು ಐಲಾ. "ಎರಡು ವಾರ ಕೊಡು."

ಆ ಎರಡು ವಾರ ಅವಳ ಬದುಕಿನಲ್ಲೇ ವಿಚಿತ್ರವಾದವು. ಬೆಳಗ್ಗೆ ಅವಳು ಕಾಗದದ ಮೇಲೆ ಪೆನ್ಸಿಲಿನಲ್ಲಿ ಗೀಚುವಳು. ರೆನೀ ಅದನ್ನು ಯಂತ್ರಕ್ಕೆ ವಿವರಿಸುವಳು. ಮಧ್ಯಾಹ್ನಕ್ಕೆ ಅದೇ ಪರದೆಯ ಹನ್ನೊಂದು ಬಗೆ ಎದುರಿಗಿರುತ್ತಿದ್ದವು. ಅವನ್ನು ಹಿಡಿದು ಇಬ್ಬರೂ ಯಾರದಾದರೂ ಮನೆಗೆ ಹೋಗುವರು. ಸಂಜೆಗೆ ಹತ್ತನ್ನು ಎಸೆಯುವರು. ಹಿಂದೆಲ್ಲ ಮೂರು ವಾರ ಬೆವರು ಸುರಿಸಿ ಮಾಡಿದ್ದನ್ನು ಎಸೆಯಲು ಕೈ ಬರುತ್ತಿರಲಿಲ್ಲ. ಎಷ್ಟೋ ಸಾಧಾರಣ ಪುಟಗಳು ಆ ಮಮತೆಯಿಂದಲೇ ಉಳಿದುಕೊಂಡಿದ್ದವು. ಈಗ ಯಾವ ನೋವೂ ಇಲ್ಲ. ಮಾಡುವುದು ಹಗುರಾದದ್ದಕ್ಕೆ ಬಿಡುವುದೂ ಹಗುರಾಗಿತ್ತು. ಯಂತ್ರದ ಮೇಲೆ ಅವಳಿಗಿದ್ದ ಸಿಟ್ಟು ಅಲ್ಲೇ ಕರಗಿತು.

ನಡುವೆ ಒಂದು ಎಡವಟ್ಟೂ ಆಯಿತು. ಹಡಗು ನಿಂತ ಊರುಗಳಿಂದ ರೂಡಿ ಬರೆದ ಕಾರ್ಡುಗಳನ್ನು ಮಾರ್ಲಿಸ್ ಒಂದು ಬೂಟಿನ ಡಬ್ಬಿಯಲ್ಲಿ ಇಟ್ಟಿದ್ದಳು. "ಬಂದೆ. ಮಳೆ. ಹಂದಿಮಾಂಸ ಹಳಸಿತ್ತು. ಕ್ಯಾಪ್ಟನ್ನೂ. -ರೂ." ಎಲ್ಲ ಹೀಗೆಯೇ. ರೆನೀ ಅವನ್ನೆಲ್ಲ ಯಂತ್ರಕ್ಕೆ ಓದಿಸಿದಳು. ರೂಡಿ ಎರಡು ಚಿತ್ರ ಮುಟ್ಟಿದ, ಲೂನ್ ಥೇಟ್ ರೂಡಿಯ ಹಾಗೇ ನುಡಿಯಿತು: "ಕಾಫಿ. ಚರಂಡಿ. ಯಾರನ್ನು ಕೊಲ್ಲಬೇಕೆಂದಿದ್ದೀ?" ರೂಡಿ ಬಾಯಿ ತುಂಬ ನಕ್ಕ. ಮಾರ್ಲಿಸ್ ಮಾತ್ರ ಎದ್ದು ಒಳಗೆ ಹೋದಳು. ಐಲಾ ಹಿಂದೆಯೇ ಹೋದಳು.

"ಅದು ಅವನ ಹಂಗೇ ಇದೆ," ಎಂದಳು ಮಾರ್ಲಿಸ್, ಹಾಸಿಗೆಯ ಅಂಚಿನಲ್ಲಿ ಕುಳಿತು. "ಅವನು ಹೋದ್ಮೇಲೆ ಕೇಳೋಕೆ ಬೇಕಾಗಬಹುದು. ಅವನಿನ್ನೂ ಅಲ್ಲೇ ಕೂತಿದಾನಲ್ಲಮ್ಮ."

ಅದನ್ನೂ ಕೈಬಿಟ್ಟರು. ಆ ಕಾರ್ಡುಗಳಿಂದ ಯಂತ್ರ ಕಲಿತದ್ದನ್ನು ಒಂದೇ ಕೆಲಸಕ್ಕೆ ಉಳಿಸಿಕೊಂಡರು. ಯಾವ ಪದಗಳು ಅವನಿಗೆ ಬೇಕಾದಾವು ಎಂದು ಊಹಿಸಿ ಮೊದಲ ಪುಟದಲ್ಲಿ ಹತ್ತಿರ ತಂದಿಡುವುದು, ಅಷ್ಟೇ. 'ಚರಂಡಿ' ಹಾಗೆ ಮೊದಲ ಪುಟಕ್ಕೆ ಬಂತು. ಬೈಗುಳಗಳ ಒಂದು ಸಾಲೂ ಬಂತು. ಕೆಂಪು 'ಅಲ್ಲ' ತನ್ನ ಜಾಗಕ್ಕೆ ಮರಳಿತು, ಎರಡರಷ್ಟು ದೊಡ್ಡದಾಗಿ. ಬೆರಳು ಎಷ್ಟು ಹೊತ್ತು ನಿಂತರೂ ಲೂನ್ ಬಾಯಿ ಹಾಕುವುದಿಲ್ಲ. ಅವನು ಕಾದಷ್ಟೂ ಅದೂ ಕಾಯುತ್ತದೆ. ನಲವತ್ತು ಸವಲತ್ತುಗಳಲ್ಲಿ ಆರು ಉಳಿದವು.

ಟೆರೆನ್ಸನನ್ನು ಐಲಾ ಒತ್ತಾಯ ಮಾಡಿ ಗುಡ್ಡದ ಮೇಲಕ್ಕೆ ಕರೆದುಕೊಂಡು ಹೋದಳು. ರೂಡಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಟ್ಯಾಬ್ಲೆಟ್ಟಿನ ಮೇಲೆ ಬೆರಳಿಟ್ಟ. ಟೆರೆನ್ಸ್ ಮೊದಲು ಫೋನು ನೋಡಿಕೊಂಡ, ಆಮೇಲೆ ಗಡಿಯಾರ, ಆಮೇಲೆ ಕಿಟಕಿ, ಕೊನೆಗೆ ರೂಡಿಯ ಬೆರಳನ್ನು. ಏಳು ನಿಮಿಷದಲ್ಲಿ ಲೂನ್ ಮೂರು ಪದ ನುಡಿಯಿತು. 'ಅಂಗಿ'. 'ಚಿಕ್ಕದು'. 'ತಿನ್ನು'.

"ಪೈ ತಿನ್ನು ಅಂತಿದಾನೆ," ಎಂದಳು ಮಾರ್ಲಿಸ್. "ಅಂಗಿ ಬಿಗಿಯಾಗಿದ್ರೂ ಪರ್ವಾಗಿಲ್ವಂತೆ."

ಟೆರೆನ್ಸ್ ಎರಡು ತುಂಡು ತಿಂದ. ವಾಪಸು ಬರುವಾಗ ಕಾರಿನಲ್ಲಿ, "ನಮ್ಮಜ್ಜಿ ಜೊತೆ ನಾನು ಒಂದು ದಿನಾನೂ ಇಷ್ಟು ಹೊತ್ತು ಕೂತಿರ್ಲಿಲ್ಲ," ಎಂದ.

ಅಕ್ಟೋಬರಿನಲ್ಲಿ ದೊಡ್ಡ ಸಂಸ್ಥೆಯವರು ಬಂದರು, ನೋಡಿದರು, ಕೈಕುಲುಕಿದರು, ಬೇರೆ ಕಡೆ ಹೋದರು. ಕಂಪನಿಯ ಆರು ಜನ ನಾಲ್ಕಾದರು. ಐಲಾ ತಾನಾಗಿಯೇ ವಾರಕ್ಕೆ ಮೂರು ದಿನಕ್ಕೆ ಇಳಿದಳು. ಆದರೆ ಸಣ್ಣ ಊರುಗಳಲ್ಲಿ ಮಾತು ಕಲಿಸುವ ಚಿಕಿತ್ಸಕಿಯರು ಒಬ್ಬರಿಂದ ಒಬ್ಬರು ಕೇಳಿ ಲೂನ್ ತರಿಸಿಕೊಳ್ಳತೊಡಗಿದರು. ಚಳಿಗಾಲ ಕಳೆಯುವ ಹೊತ್ತಿಗೆ ಕಂಪನಿ ಮುಳುಗುವುದಿಲ್ಲ ಎಂಬಷ್ಟು ಗಟ್ಟಿಯಾಯಿತು. ಐಲಾಳಿಗೆ ಈಗ ಬಿಡುವಿನ ದಿನಗಳಲ್ಲೂ ಒಂದು ಕೆಲಸವಿತ್ತು: ಯಾರದೋ ಅಡುಗೆಮನೆಯಲ್ಲಿ, ಯಾರದೋ ಬೆರಳಿನ ಎದುರು ಕೂರುವುದು. ಹಾಗೆ ಕೂತಾಗ ಅವಳಿಗೆ ಎಚ್ಚರಕ್ಕೂ ಜೋಂಪಿಗೂ ನಡುವಿನ ಒಂದು ಜಾಗ ಸಿಗುತ್ತಿತ್ತು. ಅಲ್ಲಿ ಎಲ್ಲವೂ ನಿಧಾನ, ಎಲ್ಲವೂ ಹತ್ತಿರ.

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುವುದುಂಟು. ಮಾತು ಹೋದವನಿಗೂ ಜಗಳವಿಲ್ಲ. ಆ ಸಂಕಟ ಏನೆಂದು ಮಾರ್ಲಿಸ್‌ಗೆ ಗೊತ್ತಿತ್ತು. ಏಪ್ರಿಲಿನ ಒಂದು ಮಧ್ಯಾಹ್ನ ಅವಳ ಫೋನು ಬಂತು.

"ಐಲಾ, ಕೇಳೇ. ಬೆಳಗ್ಗೆಯಿಂದ ನಾವಿಬ್ರೂ ಜಗಳ ಆಡ್ತಿದೀವಿ."

"ಯಾಕೆ, ಏನಾಯ್ತು?"

"ಹಳೇ ಟ್ರಕ್ಕು ಯಾರಿಗಾದ್ರೂ ಕೊಟ್ಬಿಡೋಣ ಅಂದೆ. ಅಲ್ಲ ಅಂದ. ನಿಂಗೆ ಓಡ್ಸಕ್ಕಾಗಲ್ಲ ಅಂದೆ. ಅದಕ್ಕೆ ಒಂದು ಬೈಗುಳ. ತುಕ್ಕು ಹಿಡೀತಿದೆ ಅಂದೆ. ಅದಕ್ಕೆ ಕಾಲು ಗಂಟೆ ತಗೊಂಡು ಏನಂದ ಗೊತ್ತಾ? 'ನೀನೂ' ಅಂದ." ಮಾರ್ಲಿಸ್‌ಳ ದನಿಯಲ್ಲಿ ಮದುವಣಗಿತ್ತಿಯ ಕಳೆಯಿತ್ತು. "ಎರಡು ವರ್ಷ ಆಗಿತ್ತು ಕಣೇ ನಾವು ಹಿಂಗೆ ಜಗಳ ಆಡಿ. ಇರು, ಮತ್ತೆ ಏನೋ ಶುರು ಮಾಡ್ದ. ಆಮೇಲೆ ಮಾಡ್ತೀನಿ."

ಅವಳು ಫೋನಿಡುವುದನ್ನು ಮರೆತಳು. ಐಲಾಳೂ ಇಡಲಿಲ್ಲ. ಸರೋವರದ ಹಿಮ ಒಡೆದು ನೀಲಿ ನೀರು ಅಲ್ಲಲ್ಲಿ ಕಾಣತೊಡಗಿತ್ತು. ಅವಳು ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು, ಆ ಕಡೆಯಿಂದ ಬರುತ್ತಿದ್ದ ಗಡಿಯಾರದ ಸದ್ದು ಕೇಳುತ್ತಾ, ರೂಡಿಯ ಮುಂದಿನ ಮಾತಿಗೆ ಕಿವಿಗೊಟ್ಟು ಕುಳಿತಳು.